ಫ್ಯಾಂಟಸಿ ಕಥೇಲಿ ಹುಟ್ಟಿನಿಂದ ಶಕ್ತಿ ಇರೋ ಹೀರೋನೂ ಗುರು ಹತ್ರ ಹೋಗಿ ಯಾಕೆ ಕಲೀಬೇಕು?

ಕಲೀದೇ ಗೆದ್ರೆ ಆ ಗೆಲುವು ಅವನದು ಅಂತ ಓದೋರಿಗೆ ಅನ್ಸಲ್ಲ, ಅದಕ್ಕೇ. ಹುಟ್ಟಿನಿಂದ ಬಂದ ಶಕ್ತಿ ಅವನ್ಯಾರು ಅಂತ ಹೇಳತ್ತೆ ಅಷ್ಟೇ, ಕಲಿತ ವಿದ್ಯೆ ಅದಕ್ಕೋಸ್ಕರ ಅವನು ಏನ್ ಕಳ್ಕೊಂಡ ಅಂತ ತೋರ್ಸತ್ತೆ.

ಕರ್ಣನ್ನೇ ನೋಡಿ. ಕವಚ ಕುಂಡಲ ಹುಟ್ಟುತ್ತಲೇ ಬಂದಿದ್ದು, ಅದಕ್ಕೆ ಅವನೇನೂ ಮಾಡಿರಲಿಲ್ಲ, ಇಂದ್ರ ಕೇಳ್ದಾಗ ಮೈಯಿಂದ ಕೊಯ್ದು ಕೊಟ್ಟನಲ್ಲ ಆಗ್ಲೇ ಅದು ಕಥೆ ಆಗಿದ್ದು. ಬ್ರಹ್ಮಾಸ್ತ್ರ ಕಲಿತಿದ್ದು, ಅದೂ ಪರಶುರಾಮರಿಗೆ ಸುಳ್ಳು ಹೇಳಿ, ಹಾಗಾಗಿ ಶಾಪ ಅಂಟ್ಕೊಂಡು ಬೇಕಾದ ಹೊತ್ತಿಗೇ ಮರೆತೋಯ್ತು.

ನಮ್ಮ ಚಿಂತಾಮಣಿ ಕಡೆ ಕೈವಾರದಲ್ಲೇ ಭೀಮ ಬಕಾಸುರನ್ನ ಕೊಂದಿದ್ದು ಅಂತಾರೆ, ಅಲ್ಲಿ ಹುಟ್ಟಿನ ಬಲ ಸಾಕು, ಒಂದೇ ಹೊಡೆದಾಟದ ಕಥೆ ಅದು. ಇಡೀ ಕಾದಂಬರಿ ಬರೀತೀರ ಅಂದ್ರೆ ಕ್ಲೈಮ್ಯಾಕ್ಸಲ್ಲಿ ಬಳಸೋ ವಿದ್ಯೆನ ಅವನು ಕಲಿಯೋದು ಮುಂಚೇನೇ ತೋರ್ಸಿ.