ಜೂನಿಯರ್ ಅಂದ್ರೆ ಮಕ್ಕಳ ಗಿಟಾರಾ?

ಪ್ರಶ್ನೆ: ಅಣ್ಣಾ, ಲೆಸ್ ಪಾಲ್ ಜೂನಿಯರ್ ಮಾದರಿಯ ಸೆಕೆಂಡ್ ಹ್ಯಾಂಡ್ ಗಿಟಾರ್ ತಗೊಂಡಿದ್ದೇನೆ. ತಂತಿಯ ನಾದ ಹಿಡಿಯುವ ಪಿಕಪ್ ಒಂದೇ ಇದೆ. ಬ್ಯಾಂಡಿನ ಗೆಳೆಯರು ಮಕ್ಕಳ ಗಿಟಾರ್ ಅಂತಾರೆ. ಮರ ಕೊರೆಸಿ ಇನ್ನೊಂದು ಪಿಕಪ್ ಹಾಕಿಸಲಾ? ಹಳೇ ಕಾಲದಲ್ಲಿ ಈ ಮಾದರಿಗಳಲ್ಲಿ ಮೇಲು ಕೀಳು ನೋಡಿ ಹೇಗೆ ಬೆಲೆ ಕಟ್ಟುತ್ತಿದ್ದರು?
– ಒಬ್ಬ ಓದುಗ, ಮಂಡ್ಯ

ಉತ್ತರ: ಬೇಡ ತಮ್ಮ, ದಯವಿಟ್ಟು ಕೊರೆಸಬೇಡ.

ನಿನ್ನ ಗೆಳೆಯರ ಮಾತಿನಲ್ಲಿ ಅರ್ಧ ನಿಜ ಇದೆ. 1954ರಲ್ಲಿ ಗಿಬ್ಸನ್ ಕಂಪನಿ ಜೂನಿಯರ್ ತಂದಿದ್ದೇ ಕಲಿಯುವವರಿಗಾಗಿ. ಬೆಲೆ 99.50 ಡಾಲರ್. ಅದೇ ವರ್ಷ ಬಂದ ಕಪ್ಪು ಬಣ್ಣದ ಲೆಸ್ ಪಾಲ್ ಕಸ್ಟಮ್‌ಗೆ 325. 1952ರಿಂದಲೇ ಇದ್ದ ಚಿನ್ನದ ಬಣ್ಣದ ಲೆಸ್ ಪಾಲ್, ಅಂದರೆ ಗೋಲ್ಡ್‌ಟಾಪ್‌ಗೆ ಆಗ 225. ಮರುವರ್ಷ ಎರಡು ಪಿಕಪ್‌ನ ಸ್ಪೆಷಲ್ ಬಂದು ಜೂನಿಯರ್‌ಗೂ ಗೋಲ್ಡ್‌ಟಾಪ್‌ಗೂ ನಡುವೆ ಕೂತಿತು.

ಮೂರು ಪಟ್ಟು ಬೆಲೆ ಯಾಕೆ? ನಮ್ಮ ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಬೀಟೆ ಮರದ ಇನ್‌ಲೇ ಮಾಡುವವರ ಪಕ್ಕ ಒಂದು ಮಧ್ಯಾಹ್ನ ಕೂತರೆ ಗೊತ್ತಾಗುತ್ತದೆ. ಹಲಗೆ ಅದೇ. ಗುಳಿ ತೋಡಿ, ಚೂರು ಕೂರಿಸಿ, ಉಜ್ಜಿ ನುಣುಪು ಮಾಡುವ ಕೈಕೆಲಸ ಜಾಸ್ತಿಯಾದಷ್ಟೂ ಬೆಲೆ ಏರುತ್ತದೆ. ಕಸ್ಟಮ್‌ಗೆ ಎಬನಿ ಮರದ ಫ್ರೆಟ್‌ಬೋರ್ಡ್ (ಬೆರಳು ಒತ್ತುವ ಪಟ್ಟಿ), ಅದರಲ್ಲಿ ಚೌಕ ಚೌಕವಾಗಿ ಕೂರಿಸಿದ ಮುತ್ತಿನ ಚಿಪ್ಪು, ಅಂಚಿಗೆ ಪದರ ಪದರದ ಬೈಂಡಿಂಗ್, ಚಿನ್ನದ ಲೇಪದ ಬಿಡಿಭಾಗಗಳು, ಉಬ್ಬು ಬರುವಂತೆ ಕೆತ್ತಿದ ಮೈ. ಜೂನಿಯರ್‌ದು ಚಪ್ಪಟೆ ಮೈ, ಬೋರ್ಡಿನ ಮೇಲೆ ಬರೀ ಚುಕ್ಕಿ.

ಆದರೆ ಮರ, ಪಿಕಪ್ ನೋಡು. ಮೊದಮೊದಲ ಕಸ್ಟಮ್‌ಗಳ ಮೈ ಪೂರ್ತಿ ಮಹೋಗನಿ. ಜೂನಿಯರ್‌ದೂ ಅದೇ! ಮೇಲೆ ಮೇಪಲ್ ಅಂಟಿಸುತ್ತಿದ್ದದ್ದು ಗೋಲ್ಡ್‌ಟಾಪ್‌ಗೆ. ಆ ಕಸ್ಟಮ್‌ನ ಬ್ರಿಡ್ಜ್ (ಮೈ ಮೇಲೆ ತಂತಿಗಳು ಕೂರುವ ಜಾಗ) ಹತ್ತಿರ ಇದ್ದದ್ದು ಪಿ-90 ಅನ್ನುವ ಬಗೆಯ ಪಿಕಪ್. ಜೂನಿಯರ್‌ನಲ್ಲಿದ್ದದ್ದೂ ಪಿ-90. ಮೌಂಟನ್ ಅನ್ನುವ ರಾಕ್ ತಂಡದ ಗಿಟಾರ್ ವಾದಕ ಲೆಸ್ಲಿ ವೆಸ್ಟ್ ಅಷ್ಟು ದಪ್ಪ ನಾದ ತೆಗೆದದ್ದು ಈ ಒಂಟಿ ಪಿಕಪ್‌ನಿಂದಲೇ.

ಗಿಟಾರ್ ಮಾಡುವ ಇನ್ನೊಂದು ಕಂಪನಿ ಫೆಂಡರ್ ಕಥೆ ಇನ್ನೊಂದು ಥರ. 1958ರ ಜಾಝ್‌ಮಾಸ್ಟರ್, 1962ರ ಜಾಗ್ವಾರ್ ಎರಡೂ ಹೊಸದಾಗಿ ಬಂದಾಗ ಅದೇ ಕಂಪನಿಯ ಸ್ಟ್ರಾಟೊಕ್ಯಾಸ್ಟರ್ ಗಿಟಾರ್‌ಗಿಂತ ದುಬಾರಿ. ಇವತ್ತು ಹಳೇ ಗಿಟಾರ್ ಕೊಳ್ಳುವವರು ಅದೇ ವರ್ಷಗಳ ಸ್ಟ್ರಾಟೊಕ್ಯಾಸ್ಟರ್‌ಗೇ ಜಾಸ್ತಿ ದುಡ್ಡು ಕೊಡುತ್ತಾರೆ.

ಇನ್ನು ಕೊರೆಸುವ ವಿಷಯ. ಹೋದ ವರ್ಷ ಮೈಸೂರಿನ ನನ್ನ ರಿಪೇರಿ ಮೇಜಿಗೆ ನಿನ್ನದರಂಥದ್ದೇ ಒಂದು ಬಂತು. ಯಾರೋ ನೆಕ್ ಬುಡದಲ್ಲಿ ಕೊರೆದು ಎರಡನೇ ಪಿಕಪ್ ಹಾಕಿದ್ದರು. ಗುಳಿ ನೆಕ್ ಮೈಗೆ ಸೇರುವ ಜಾಯಿಂಟ್‌ವರೆಗೂ ಹೋಗಿತ್ತು. ನೆಕ್ ಅನ್ನು ಬೆರಳಲ್ಲಿ ಮೆಲ್ಲಗೆ ತಳ್ಳಿದರೆ ಸಾಕು, ಶ್ರುತಿ ಜಾರುತ್ತಿತ್ತು. ಮಹೋಗನಿ ತುಂಡು ಕೂರಿಸಿ ಅಂಟು ಹಾಕಿದೆ. ಮೊದಲಿನ ಗಟ್ಟಿತನ ಮಾತ್ರ ಬರಲಿಲ್ಲ. ಆ ಹುಡುಗನ ಮುಖ ಇನ್ನೂ ಕಣ್ಣಮುಂದಿದೆ.

ನಿನಗೆ ಬೇಕಾದದ್ದು ನೆಕ್ ಪಿಕಪ್‌ನ ಮೆತ್ತನೆ ನಾದ ಅಲ್ವಾ? ಆಂಪ್ ಜೋರಾಗಿಟ್ಟು, ಗಿಟಾರ್‌ನ ವಾಲ್ಯೂಮ್ 6ಕ್ಕೆ ಇಳಿಸು. ಟೋನ್ ಸ್ವಲ್ಪ ತಗ್ಗಿಸು. ಪಿಕ್ ಅನ್ನು ಫ್ರೆಟ್‌ಬೋರ್ಡಿನ ತುದಿಗೆ ತಂದು ಮೀಟು. ಒಂದು ವಾರ ಹೀಗೆ ನುಡಿಸಿ ನೋಡಿ, ಆಮೇಲೆ ಬರೆ.