ರಕ್ತದೊತ್ತಡ ಸ್ವಲ್ಪವೇ ಹೆಚ್ಚಿದ್ದರೆ ಮಾತ್ರೆ ಬೇಕೇ?

ಪ್ರಶ್ನೆ: ನನಗೆ 46 ವರ್ಷ, ಬ್ಯಾಂಕ್ ಉದ್ಯೋಗಿ. ಕಚೇರಿಯ ವತಿಯಿಂದ ನಡೆದ ಆರೋಗ್ಯ ತಪಾಸಣೆಯಲ್ಲಿ ಬಿ.ಪಿ. 138/88 ಬಂತು. ಅಲ್ಲಿನ ವೈದ್ಯರು ಸಣ್ಣ ಪ್ರಮಾಣದ ಮಾತ್ರೆ ಶುರು ಮಾಡಿ ಎಂದರು. ನಮ್ಮ ಕುಟುಂಬದ ವೈದ್ಯರು ಮೂರು ತಿಂಗಳು ನೋಡೋಣ ಎನ್ನುತ್ತಾರೆ. ಸಕ್ಕರೆ ಕಾಯಿಲೆಯಾಗಲಿ ಧೂಮಪಾನವಾಗಲಿ ಇಲ್ಲ. ತಂದೆಯವರಿಗೆ ಬಿ.ಪಿ. ಇತ್ತು. ಒಮ್ಮೆ ಮಾತ್ರೆ ಹಿಡಿದರೆ ಸಾಯುವವರೆಗೂ ಬಿಡುವಂತಿಲ್ಲ ಎಂಬ ಭಯವೂ ಇದೆ. ಯಾರ ಮಾತು ಕೇಳಲಿ?
– ಓದುಗರು, ರಾಜಾಜಿನಗರ, ಬೆಂಗಳೂರು

ಉತ್ತರ: ಇಬ್ಬರು ವೈದ್ಯರೂ ಆಧಾರವಿಲ್ಲದೆ ಮಾತನಾಡಿಲ್ಲ. 2017ರಲ್ಲಿ ಅಮೆರಿಕದ ಹೃದ್ರೋಗ ಸಂಸ್ಥೆಗಳು 130/80ರಿಂದಲೇ ಅಧಿಕ ರಕ್ತದೊತ್ತಡ ಎಂದು ಪರಿಗಣಿಸತೊಡಗಿದವು. ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿಯಾದರೋ ಸಾಮಾನ್ಯ ಜನರಿಗೆ 140/90ರಿಂದ ಔಷಧಿ ಎನ್ನುತ್ತದೆ, ಹೃದ್ರೋಗ, ಸಕ್ಕರೆ ಕಾಯಿಲೆ ಅಥವಾ ಮೂತ್ರಪಿಂಡದ ಕಾಯಿಲೆ ಇರುವವರಿಗೆ ಹಾಗೂ ಹೃದ್ರೋಗದ ಅಪಾಯ ಹೆಚ್ಚಿರುವವರಿಗೆ ಮಾತ್ರ ಮೇಲಿನ ಅಂಕಿ 130 ಮುಟ್ಟಿದಾಗಲೇ ಆರಂಭಿಸಲು ಹೇಳುತ್ತದೆ. ಆದರೆ 130 ದಾಟಿದವರಿಗೆಲ್ಲ ಮಾತ್ರೆ ಕೊಡಿ ಎಂದು ಆ ಅಮೆರಿಕದ ಸಲಹೆಯೂ ಹೇಳಿರಲಿಲ್ಲ. ಹೃದಯಾಘಾತ ಅಥವಾ ಪಾರ್ಶ್ವವಾಯುವಿನ ಸಾಧ್ಯತೆ ಹೆಚ್ಚಿರುವವರಿಗಷ್ಟೇ ಔಷಧಿ, ಉಳಿದವರಿಗೆ ಮೊದಲು ಜೀವನಕ್ರಮದ ಬದಲಾವಣೆ ಎಂಬುದೇ ಅದರ ನಿಲುವಾಗಿತ್ತು.

ನನಗೆ ಅದಕ್ಕಿಂತ ಮೊದಲ ಅನುಮಾನವೆಂದರೆ, 138 ನಿಮ್ಮ ನಿಜವಾದ ಅಂಕಿಯೇ ಎಂಬುದು. ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡು ಬಂದು, ಸರದಿಯಲ್ಲಿ ಕಾದು, ಬೆನ್ನಿಗೆ ಆಸರೆಯಿಲ್ಲದ ಸ್ಟೂಲಿನ ಮೇಲೆ ತೋಳು ಇಳಿಬಿಟ್ಟು ಮಾತನಾಡುತ್ತ ಕುಳಿತವರ ಒತ್ತಡ ಸುಲಭವಾಗಿ ಹತ್ತು ಅಂಕಿ ಏರುತ್ತದೆ. ಆದ್ದರಿಂದ ತೋಳಿಗೆ ಕಟ್ಟುವ ಯಂತ್ರವೊಂದನ್ನು ತಂದು (ಮಣಿಕಟ್ಟಿನದು ಬೇಡ), ಒಂದು ವಾರ ಬೆಳಿಗ್ಗೆ ಮತ್ತು ಸಂಜೆ ಮನೆಯಲ್ಲೇ ನೋಡಿಕೊಳ್ಳಿ. ಅಳೆಯುವ ಮುನ್ನ ಅರ್ಧ ಗಂಟೆ ಕಾಫಿ ಬೇಡ. ಮೂತ್ರ ವಿಸರ್ಜಿಸಿ, ಐದು ನಿಮಿಷ ಒರಗಿ ಕುಳಿತು, ತೋಳನ್ನು ಎದೆಯ ಮಟ್ಟಕ್ಕೆ ಮೇಜಿನ ಮೇಲಿಟ್ಟು, ಒಂದು ನಿಮಿಷದ ಅಂತರದಲ್ಲಿ ಎರಡು ಬಾರಿ ಅಳೆದು ಎರಡನ್ನೂ ಬರೆದಿಡಿ. ಮೊದಲ ದಿನದ್ದನ್ನು ಬಿಟ್ಟು ಉಳಿದವುಗಳ ಸರಾಸರಿ ತೆಗೆಯಿರಿ. ಮನೆಯಲ್ಲಿ 135/85 ಎಂದರೆ ಆಸ್ಪತ್ರೆಯ 140/90ಕ್ಕೆ ಸಮ.

ಸರಾಸರಿ ಅದಕ್ಕಿಂತ ಕಡಿಮೆಯಿದ್ದರೆ ನಿಮ್ಮ ಕುಟುಂಬದ ವೈದ್ಯರ ಮಾತೇ ಸರಿ ಎಂದು ನನ್ನ ಅಭಿಪ್ರಾಯ. ಆದರೆ ಕಾಯುವುದೆಂದರೆ ಸುಮ್ಮನಿರುವುದಲ್ಲ. ರಕ್ತದ ಸಕ್ಕರೆ, ಕೊಲೆಸ್ಟರಾಲ್, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಮತ್ತು ಮೂತ್ರದ ಆಲ್ಬುಮಿನ್ (ಒಂದು ಬಗೆಯ ಪ್ರೋಟೀನ್), ಇ.ಸಿ.ಜಿ. ಇವನ್ನು ಈಗಲೇ ಮಾಡಿಸಿ. ಮೂತ್ರದಲ್ಲಿ ಆಲ್ಬುಮಿನ್ ಕಂಡರೆ ಅಥವಾ ಹೃದಯದ ಗೋಡೆ ದಪ್ಪಗಾದ ಸೂಚನೆ ಸಿಕ್ಕರೆ ಮೂರು ತಿಂಗಳು ಕಾಯದೆ ಔಷಧಿಯ ವಿಚಾರವನ್ನು ವೈದ್ಯರೊಡನೆ ಆಗಲೇ ಮಾತನಾಡಬೇಕಾಗುತ್ತದೆ.

ಉಪ್ಪಿನ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ದಿನಕ್ಕೆ 5 ಗ್ರಾಂ, ಅಂದರೆ ಮಟ್ಟಸವಾದ ಒಂದು ಟೀ ಚಮಚದ ಒಳಗಿರಬೇಕು. ಸಾರು, ಹುಳಿಗೆ ಹಾಕುವುದನ್ನು ಎಲ್ಲರೂ ಲೆಕ್ಕ ಹಿಡಿಯುತ್ತಾರೆ. ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸಿನಕಾಯಿ, ಸಂಜೆ ಕಾಫಿಯ ಜೊತೆಗಿನ ಬೇಕರಿಯ ಖಾರಾ ಬಿಸ್ಕತ್ತು ಮಾತ್ರ ಲೆಕ್ಕಕ್ಕೆ ಬರುವುದೇ ಇಲ್ಲ. ಪೊಟ್ಯಾಸಿಯಂ ಬೆರೆಸಿದ ‘ಕಡಿಮೆ ಸೋಡಿಯಂ’ ಉಪ್ಪನ್ನು ಮೂತ್ರಪಿಂಡದ ಪರೀಕ್ಷೆಯ ಫಲಿತಾಂಶ ನೋಡದೆ ಬಳಸಬೇಡಿ. ತೂಕ ಹೆಚ್ಚಿದ್ದರೆ ಒಂದು ಕಿಲೋ ಇಳಿದಾಗ ಒತ್ತಡವೂ ಸುಮಾರು ಒಂದು ಅಂಕಿ ಇಳಿಯುತ್ತದೆ. ನಡಿಗೆ ಬೇಕೇ ಬೇಕು, ಮದ್ಯ ಬೇಡ. ಮಂಡಿನೋವಿಗೆಂದು ತಾವೇ ಕೊಂಡು ನುಂಗುವ ಐಬುಪ್ರೊಫೆನ್, ಡೈಕ್ಲೊಫೆನಾಕ್‌ಗಳೂ ಮೂಗು ಕಟ್ಟಿದಾಗಿನ ಕೆಲವು ಮಾತ್ರೆಗಳೂ ಒತ್ತಡ ಏರಿಸುತ್ತವೆ. ಅಂಥವೇನಾದರೂ ನಡೆಯುತ್ತಿದ್ದರೆ ವೈದ್ಯರಿಗೆ ತಿಳಿಸಿ.

ಇನ್ನು ನಿಮ್ಮ ಭಯ. ಬಿ.ಪಿ. ಮಾತ್ರೆ ಚಟವಾಗುವುದಿಲ್ಲ. ಅದು ಒತ್ತಡವನ್ನು ಹತೋಟಿಯಲ್ಲಿಡುತ್ತದೆಯೇ ಹೊರತು ಅದರ ಮೂಲವನ್ನು ತೆಗೆಯುವುದಿಲ್ಲವಾದ್ದರಿಂದಲೇ ಬಹಳಷ್ಟು ಜನರಿಗೆ ಮುಂದುವರಿಸಬೇಕಾಗುತ್ತದೆ. ತೂಕ ಮತ್ತು ಉಪ್ಪು ಎರಡೂ ಇಳಿದವರಲ್ಲಿ ವೈದ್ಯರು ಪ್ರಮಾಣ ತಗ್ಗಿಸಿ, ಕೆಲವೊಮ್ಮೆ ನಿಲ್ಲಿಸುವುದೂ ಉಂಟು. ಮನಸ್ಸಿಗೆ ಬಂದಂತೆ ತಾವಾಗಿಯೇ ಬಿಡಬಾರದು, ಅಷ್ಟೆ.

ವಾರದ ಸರಾಸರಿ 135/85 ದಾಟಿದರೆ ಈ ಭಯಕ್ಕಾಗಿ ಮಾತ್ರೆಯನ್ನು ಮುಂದೂಡಬೇಡಿ. ಯಾವಾಗಲಾದರೂ 180/120 ಮುಟ್ಟಿ, ಜೊತೆಗೆ ಎದೆನೋವು, ಉಸಿರಾಟದ ತೊಂದರೆ ಅಥವಾ ಮಾತು ತೊದಲುವುದು ಕಂಡರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಮುಂದಿನ ಭೇಟಿಗೆ ಹೋಗುವಾಗ ಬರೆದಿಟ್ಟ ಪುಸ್ತಕದ ಜೊತೆ ಯಂತ್ರವನ್ನೂ ಒಯ್ದು, ವೈದ್ಯರ ಯಂತ್ರದೊಂದಿಗೆ ತಾಳೆ ನೋಡಿಸಿ.