ಪಹಣಿಯಲ್ಲಿ ಇಲ್ಲದವರು

ಪ್ರಶ್ನೆ: ನಮ್ಮೂರ ಸುತ್ತ ಸೋಲಾರ್ ಪಾರ್ಕ್ ಆಗಿದೆ. ಜಮೀನು ಇದ್ದವರಿಗೆ ವರ್ಷ ವರ್ಷ ಬಾಡಿಗೆ ಬರುತ್ತದೆ. ನಮಗೆ ಜಮೀನಿಲ್ಲ. ಅಮ್ಮ ಕಡಲೆಕಾಯಿ ಹೊಲಗಳಿಗೆ ಕೂಲಿಗೆ ಹೋಗುತ್ತಿದ್ದರು, ಅದು ನಿಂತಿತು. ಮೇಯಿಸಲು ಜಾಗವಿಲ್ಲದೆ ಅಪ್ಪನ ನಲವತ್ತು ಕುರಿ ಹನ್ನೆರಡಕ್ಕೆ ಇಳಿದಿವೆ. ಕಲ್ಲಿದ್ದಲಿಗಿಂತ ಬಿಸಿಲಿನ ಕರೆಂಟ್ ಒಳ್ಳೆಯದು ಅಂತ ಕಾಲೇಜಿನಲ್ಲಿ ಓದುತ್ತೇನೆ. ಮನೆಯಲ್ಲಿ ಅದನ್ನು ಹೇಳಲು ಬಾಯಿ ಬರುವುದಿಲ್ಲ. ಹೊರದೇಶಗಳಲ್ಲಿ ಇಂಥದ್ದಕ್ಕೆ ಏನು ಮಾಡುತ್ತಾರೆ?
– ಹೆಸರು ಬೇಡ, ಪಾವಗಡ ತಾಲ್ಲೂಕು

ಉತ್ತರ: ನಾನು 31 ವರ್ಷ ಕಲ್ಲಿದ್ದಲು ಸುಟ್ಟು ಕರೆಂಟ್ ಮಾಡಿದವನು. ಸಂಜೆ ಮನೆಗೆ ಬಂದು ಮೂಗು ಒರೆಸಿಕೊಂಡರೆ ಕರವಸ್ತ್ರ ಕಪ್ಪಾಗುತ್ತಿತ್ತು. ಹಾಗಾಗಿ ನೀವು ಓದಿದ್ದು ಸುಳ್ಳಲ್ಲ. ಅಮ್ಮನ ಕೂಲಿ ಹೋಗಿದ್ದೂ ಸುಳ್ಳಲ್ಲ.

ಪಾವಗಡದಲ್ಲಿ ಒಂದು ಒಳ್ಳೆಯ ಕೆಲಸ ಆಯಿತು, ಅದನ್ನೂ ಹೇಳಬೇಕು. ಐದು ಊರುಗಳ ಸುಮಾರು 13,000 ಎಕರೆಯನ್ನು ರೈತರಿಂದ ಕಿತ್ತುಕೊಳ್ಳಲಿಲ್ಲ, 28 ವರ್ಷಕ್ಕೆ ಗುತ್ತಿಗೆಗೆ ಪಡೆದರು. ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಆಮೇಲೆ ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಮಳೆ ಕೈಕೊಡುವ ಸೀಮೆಯಲ್ಲಿ ಐದು ಎಕರೆಯವರಿಗೆ ಮೋಡ ನೋಡದೆ ಒಂದು ಲಕ್ಷದ ಐದು ಸಾವಿರ. ಸಣ್ಣ ಮಾತಲ್ಲ ಅಲ್ವಾ? ಆದರೆ ಆ ದುಡ್ಡು ಪಹಣಿ ಹುಡುಕಿಕೊಂಡು ಹೋಯಿತು. ಪಹಣಿಯಲ್ಲಿ ಕಳೆ ತೆಗೆಯುವವಳ ಹೆಸರಿರುವುದಿಲ್ಲ. ಕುರಿ ಮೇಯಿಸುವವನದಂತೂ ಇಲ್ಲವೇ ಇಲ್ಲ.

ಹೊರದೇಶದ ವಿಚಾರ ಕೇಳಿದಿರಿ. ಸ್ಪೇನ್ 2018ರಲ್ಲಿ ಕಲ್ಲಿದ್ದಲು ಗಣಿ ಮುಚ್ಚುವಾಗ ಯೂನಿಯನ್‌ಗಳ ಜೊತೆ ಕೂತು ಒಪ್ಪಂದ ಮಾಡಿಕೊಂಡಿತು. 48 ದಾಟಿದವರಿಗೆ ಬೇಗ ನಿವೃತ್ತಿ, ಉಳಿದವರಿಗೆ ಪರಿಹಾರ, ಹೊಸ ಕೆಲಸದ ತರಬೇತಿ, ಒಟ್ಟು 25 ಕೋಟಿ ಯುರೋ. ಜರ್ಮನಿ 2038ರೊಳಗೆ ಕಲ್ಲಿದ್ದಲು ಬಿಡುತ್ತೇವೆಂದು 2020ರಲ್ಲಿ ಕಾನೂನು ಮಾಡಿತು, ಗಣಿ ಸೀಮೆಗಳಿಗೆ 4,000 ಕೋಟಿ ಯುರೋವರೆಗೆ ಕೊಡಲು ಒಪ್ಪಿತು. ಒಳ್ಳೆಯದೇ. ಆದರೆ ಅಲ್ಲಿನ ಗಣಿಯವನ ಜೇಬಿನಲ್ಲಿ ಸಂಬಳದ ಚೀಟಿ ಇತ್ತು. ನಿಮ್ಮ ಅಮ್ಮನ ಹತ್ತಿರ ಏನಿದೆ?

ಅದಕ್ಕೇ ಮೊದಲು ಕಾಗದ ಮಾಡಿಕೊಳ್ಳಿ. ಪ್ಯಾನೆಲ್ ಸಾಲಿನ ನಡುವೆ ಹುಲ್ಲು ಬೆಳೆಯುತ್ತದೆ. ಬಿಟ್ಟರೆ ಪ್ಯಾನೆಲ್ ಮೇಲೆ ನೆರಳು, ಬೇಸಿಗೆಯಲ್ಲಿ ಬೆಂಕಿಯ ಭಯ. ಕೊಯ್ಯಿಸಲೇಬೇಕು. ಅಮೆರಿಕದಲ್ಲಿ ಈ ಕೆಲಸಕ್ಕೆ ಕುರಿ ಸಾಕುವವರನ್ನೇ ದುಡ್ಡು ಕೊಟ್ಟು ಕರೆಸುತ್ತಾರೆ. (ಮೇಕೆಗೆ ಮಾತ್ರ ಪ್ರವೇಶವಿಲ್ಲ. ಅದು ಪ್ಯಾನೆಲ್ ಹತ್ತುತ್ತದೆ, ವೈರ್ ಕಡಿಯುತ್ತದೆ.) ಕುರಿ ಇರುವ ಮನೆಯವರೆಲ್ಲ ಸೇರಿ ಗ್ರಾಮಸಭೆಯಲ್ಲಿ ಇದನ್ನು ಬರೆದುಕೊಡಿ. ಹುಲ್ಲು ಕೊಯ್ಯುವ, ಪ್ಯಾನೆಲ್ ತೊಳೆಯುವ ಕೆಲಸ ಮೊದಲು ಜಮೀನಿಲ್ಲದ ಮನೆಗಳಿಗೆ ಸಿಗಬೇಕು ಅಂತಲೂ ಸೇರಿಸಿ. ಕೂಲಿಗೆ ಹೋಗುತ್ತಿದ್ದವರ ಪಟ್ಟಿ ಜೊತೆಗಿರಲಿ, ಅಮ್ಮನ ಹೆಸರೇ ಮೊದಲು ಬರೆಯಿರಿ. ಠರಾವು ಆಗುವವರೆಗೆ ಏಳಬೇಡಿ, ಪ್ರತಿ ಇಸ್ಕೊಂಡೇ ಬನ್ನಿ.

ಪ್ರಶ್ನೆ: ಥರ್ಮಲ್ ಸ್ಥಾವರದಲ್ಲಿ ಒಂಬತ್ತು ವರ್ಷದಿಂದ ಗುತ್ತಿಗೆ ಕೆಲಸ. ಮೂವರು ಕಂಟ್ರಾಕ್ಟರ್ ಬದಲಾದರು. ನಾಳೆ ಹಳೇ ಘಟಕ ನಿಲ್ಲಿಸಿದರೆ ನಮ್ಮ ಗತಿಯೇನು?
– ಒಬ್ಬ ಓದುಗ, ರಾಯಚೂರು ಜಿಲ್ಲೆ

ಉತ್ತರ: ಗೇಟ್ ಪಾಸ್, ಇಎಸ್‌ಐ ಕಾರ್ಡ್, ಸಂಬಳದ ಚೀಟಿ ಎಲ್ಲದರ ಜೆರಾಕ್ಸ್ ಮನೆಯಲ್ಲಿಡಿ. ಮೂವರೂ ಒಂದೇ ಯುಎಎನ್ ನಂಬರಿಗೆ (ಕಂಟ್ರಾಕ್ಟರ್ ಬದಲಾದರೂ ಬದಲಾಗದ ನಿಮ್ಮ ಪಿಎಫ್ ನಂಬರ್) ಪಿಎಫ್ ಕಟ್ಟಿದ್ದಾರಾ ನೋಡಿ. ಇಲ್ಲದಿದ್ದರೆ ಪಿಎಫ್ ಕಚೇರಿಗೆ ಈ ವಾರವೇ ಹೋಗಿ. ನಮ್ಮಲ್ಲಿ ಬೂದಿ ಎತ್ತುತ್ತಿದ್ದ ಒಬ್ಬರು ಹದಿನಾಲ್ಕು ವರ್ಷ ದುಡಿದಿದ್ದರು. ದಾಖಲೆಯಲ್ಲಿ ಇದ್ದದ್ದು ಎರಡೇ ವರ್ಷ. ಉಳಿದ ಹನ್ನೆರಡಕ್ಕೆ ನಾನು ಸಾಕ್ಷಿ ಹೇಳಲು ಹೋದೆ. ಬರವಣಿಗೆಯಲ್ಲಿ ಏನಾದರೂ ಇದೆಯಾ ಅಂತ ಕೇಳಿದರು. ಇರಲಿಲ್ಲ.